‘ಬು’ ಶಬ್ದವಿಚಾರ: ‘ಕೆಂಪುಪ್ಪರಿಗೆಯ ಕನಸು’ ಕಾದಂಬರಿಯಲ್ಲಿ ಪುಷ್ಟಿಮೂಲಿಕೆಗಳು

ಚೀನೀ ಸಾಹಿತ್ಯದಲ್ಲಿ ‘ಹೊಂಗ್‌ಲೌ ಮೆಂಗ್’, ಎಂದರೆ ‘ಕೆಂಪುಪ್ಪರಿಗೆಯ ಕನಸು’, ಎಂಬ ಕಾದಂಬರಿಗೆ ಇರುವ ಸ್ಥಾನವು ವಾಚಕರಿಗೆ ಅಪರಿಚಿತವಲ್ಲ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ತ್ಸಾವ್ ಷ್ವೆಚಿನ್ ಎಂಬವನು ಇದನ್ನು ಬರೆದನು. ಅವನು ತೀರಿಕೊಂಡು ಮೂವತ್ತು ವರ್ಷಗಳ ಸುಮಾರಿಗೆ, ೧೭೯೧ರಲ್ಲಿ, ೧೨೦ ಅಧ್ಯಾಯಗಳ ಗ್ರಂಥವಾಗಿ ಇದು ಮೊದಲು ಅಚ್ಚಾಯಿತು. ಕಡೆಯ ೪೦ ಅಧ್ಯಾಯಗಳು ಮೂಲಕರ್ತೃವಿನವೇ ಅಲ್ಲವೇ ಎಂಬ ವಿವಾದವು ಇನ್ನೂ ಮುಗಿದಿಲ್ಲವಾದುದರಿಂದ, ಈ ಲೇಖನದಲ್ಲಿ ಮೊದಲಿನ ೮೦ ಅಧ್ಯಾಯಗಳನ್ನು ಮಾತ್ರವೇ ಆಧಾರವಾಗಿ ಇಟ್ಟುಕೊಂಡಿರುವೆವು. ನಮ್ಮಲ್ಲಿ ಹೆಚ್ಚಿನವರು ಈ ಕೃತಿಯನ್ನು ಇಂಗ್ಲಿಷಿನ ಮೂಲಕ ಓದುತ್ತಾರೆ. ಹಾಕ್ಸ್ ಮತ್ತು ಮಿನ್‌ಫರ್ಡ್ ಇವರ ಐದು ಸಂಪುಟಗಳೂ (೧೯೭೩–೧೯೮೬), ಯಾಂಗ್ ದಂಪತಿಗಳ ಮೂರು ಸಂಪುಟಗಳೂ (೧೯೭೮–೧೯೮೦) ಈ ಕೆಲಸಕ್ಕೆ ದೊರೆಯುವ ಒಳ್ಳೆಯ ಸಾಧನಗಳು.

ಜ್ಯಾ ಎಂಬ ರಾಜಾಶ್ರಿತ ಮನೆತನದ ಏಳುಬೀಳುಗಳೇ ಈ ಕೃತಿಯ ಕಥಾವಸ್ತು. ಆ ಮನೆಯಲ್ಲಿ ಕಾಯಿಲೆಗೂ ಕಷಾಯಕ್ಕೂ ಕೊನೆಯೆಂಬುದಿಲ್ಲ. ವೈದ್ಯರು ಬರುತ್ತಾರೆ, ನಾಡಿ ಹಿಡಿಯುತ್ತಾರೆ, ಚೀಟಿ ಬರೆಯುತ್ತಾರೆ; ಒಂದು ಚೀಟಿಯನ್ನಂತೂ ಗ್ರಂಥಕರ್ತನು ತೂಕದ ಸಹಿತ ಪೂರ್ಣವಾಗಿ ನಕಲುಮಾಡಿ ಕೊಟ್ಟಿರುವನು. ಇದನ್ನು ಓದುವ ಪರದೇಶದವನು ಬೇಸರದಿಂದ ಪುಟ ಮಗುಚುವುದು ಸಹಜ. ‘ಇದು ಕವಿಯ ಬಹುಶ್ರುತತ್ವದ ಪ್ರದರ್ಶನ, ಕಥೆಗೆ ಬೇಕಾದುದಲ್ಲ’ ಎಂಬ ಮಾತನ್ನು ನಾವೂ ಹಲವರ ಬಾಯಲ್ಲಿ ಕೇಳಿರುವೆವು. ಈ ಮಾತು ಸರಿಯಲ್ಲವೆಂದೂ, ಈ ಕಥೆಯ ಮರ್ಮವೊಂದು ಪುಷ್ಟಿಮೂಲಿಕೆಗಳ ಹೆಸರಿನಲ್ಲಿಯೇ ಅಡಗಿರುವುದೆಂದೂ, ಭಾಷಾಂತರದಲ್ಲಿ ಆ ಮರ್ಮವು ಮರೆಯಾಗುವುದಕ್ಕೆ ಒಂದೇ ಒಂದು ಶಬ್ದವು ಕಾರಣವೆಂದೂ ತೋರಿಸುವುದು ನಮ್ಮ ಉದ್ದೇಶ.

ಆ ಶಬ್ದವು ‘ಬು’. ಇಂಗ್ಲಿಷಿನಲ್ಲಿ ‘ಟಾನಿಕ್’ ಎಂದು ಕರೆಯಿಸಿಕೊಳ್ಳುವ ಮೂಲಿಕೆಗಳಿಗೆಲ್ಲ ಚೀನೀಯರಲ್ಲಿ ಇರುವ ಹೆಸರು ‘ಬು’ ಎಂಬುದರಿಂದಲೇ ಹುಟ್ಟಿದುದು. ಇದನ್ನು ಬರೆಯುವ ಚಿಹ್ನೆಯ ಎಡಭಾಗದಲ್ಲಿ ಬಟ್ಟೆಯೆಂಬರ್ಥದ ಚಿಹ್ನೆಯು ನಿಂತಿದೆ. ಕ್ರಿ. ಶ. ೧೦೦ರಲ್ಲಿ ಶೂ ಶೆನ್ ಎಂಬ ಪಂಡಿತನು ಮುಗಿಸಿದ ಪ್ರಾಚೀನ ಕೋಶದಲ್ಲಿ ಇದಕ್ಕೆ ಉಡುಪನ್ನು ಮತ್ತೆ ಇಡಿಯಾಗಿಸುವುದು ಎಂಬರ್ಥವನ್ನು ಹೇಳಿದೆ. ಎಂದರೆ ತೇಪೆ ಹಾಕುವುದು, ರಫು ಮಾಡುವುದು, ಹರಿದೆಡೆಯನ್ನು ಕೂಡಿಸುವುದು. ಬಲವನ್ನು ಹೆಚ್ಚಿಸುವುದೆಂಬ ಅರ್ಥವು ಅದರ ಮೂಲದಲ್ಲಿ ಇಲ್ಲ.

ವೈದ್ಯಶಾಸ್ತ್ರದಲ್ಲಿಯೂ ಈ ಮೂಲಾರ್ಥವು ಅಳಿದಿಲ್ಲ. ದೇಹದಲ್ಲಿ ಯಾವುದೋ ಒಂದು ತೆರವಾಗಿರುವುದನ್ನು ‘ಶೂ’ ಎಂದೂ, ಬೇಡದುದೊಂದು ತುಂಬಿಕೊಂಡಿರುವುದನ್ನು ‘ಷೀ’ ಎಂದೂ ಆ ಶಾಸ್ತ್ರದವರು ಕರೆಯುತ್ತಾರೆ. ತುಂಬಿದುದನ್ನು ಹೊರಹರಿಸಬೇಕು; ತೆರವಾದುದಕ್ಕೆ ‘ಬು’ ಮಾಡಬೇಕು. ತೆರವಿಲ್ಲದವನಿಗೆ ‘ಬು’ ಮಾಡುವುದು ಹರಿಯದ ಬಟ್ಟೆಗೆ ತೇಪೆ ಹಾಕಿದಂತೆ. ಯಾವುದು ತೆರವಾಗಿದೆಯೆಂಬುದರ ಮೇಲೆ ಮೂಲಿಕೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವುದು ವಾಡಿಕೆ. ‘ಚೀ’ ಎಂಬ ಪ್ರಾಣಶಕ್ತಿಯು ಕುಗ್ಗಿದವರಿಗೆ ಜಿನ್ಸೆಂಗ್, ಹುವಾಂಗ್‌ಚೀ, ಬೈಜೂ, ಜ್ಯೇಷ್ಠಮಧು ಇವು. ರಕ್ತವು ಕುಗ್ಗಿದವರಿಗೆ ದಾಂಗ್‌ಗ್ವೇ, ಬೇಯಿಸಿ ಕಪ್ಪಾಗಿಸಿದ ದೀಹುವಾಂಗ್, ಬಿಳಿಯ ಷಾವ್‌ಯಾವ್ ಬೇರು ಇವು. ಕತ್ತೆಯ ಚರ್ಮವನ್ನು ಕುದಿಸಿ ತೆಗೆದ ಅಂಟು ಮೂಲಿಕೆಯಲ್ಲವಾದರೂ ಈ ಎರಡನೆಯ ಗುಂಪಿಗೇ ಸೇರಿದೆ. ದೇಹದ ತಂಪಿನ ಅಂಶವಾದ ‘ಯಿನ್’ ಮತ್ತು ಬಿಸಿಯ ಅಂಶವಾದ ‘ಯಾಂಗ್’ ಇವುಗಳಿಗೆ ಬೇರೆಬೇರೆ ದ್ರವ್ಯಗಳುಂಟು. ಅವುಗಳ ವಿಸ್ತಾರವು ಇಲ್ಲಿ ಅನಾವಶ್ಯಕ.

ಕನ್ನಡದಲ್ಲಿ ಈ ವಿಷಯವನ್ನು ಹೇಳುವವನ ಬಾಯಿಗೆ ಮೊದಲು ಬರುವ ಶಬ್ದವು ‘ರಸಾಯನ’. ಇಲ್ಲಿ ಎಚ್ಚರಿಕೆಯು ಬೇಕು. ಔಷಧವು ಎರಡು ಬಗೆ, ಸ್ವಸ್ಥನಿಗೆ ಓಜಸ್ಸನ್ನು ಕೊಡುವುದು ಒಂದು, ರೋಗಿಯ ರೋಗವನ್ನು ನೀಗುವುದು ಇನ್ನೊಂದು ಎಂದು ಚರಕಸಂಹಿತೆಯ ಚಿಕಿತ್ಸಾಸ್ಥಾನದ ಆರಂಭದಲ್ಲಿ ವಿಭಾಗಿಸಿ, ರಸಾಯನವನ್ನು ಮುಖ್ಯವಾಗಿ ಮೊದಲನೆಯದಕ್ಕೆ ಸೇರಿಸಿದೆ. ಚೀನೀಯರಲ್ಲಿ ಇದಕ್ಕೆ ಹೋಲುವ ಭಾವನೆಯು ಇಲ್ಲದೆ ಇಲ್ಲ. ಷೆನ್‌ನೊಂಗ್ ಎಂಬ ಪೌರಾಣಿಕ ಅರಸನ ಹೆಸರಿನಲ್ಲಿರುವ ಪ್ರಾಚೀನ ಮೂಲಿಕಾಗ್ರಂಥವು ೩೬೫ ದ್ರವ್ಯಗಳನ್ನು ಮೂರು ವರ್ಗಗಳಾಗಿ ಮಾಡಿ, ಮೇಲಿನ ವರ್ಗದ ೧೨೦ ದ್ರವ್ಯಗಳನ್ನು ಬಹುಕಾಲ ಸೇವಿಸಿದರೂ ಕೇಡಿಲ್ಲವೆಂದೂ, ಮೈ ಹಗುರವಾಗಿ ಆಯುಸ್ಸು ಹೆಚ್ಚುವುದೆಂದೂ ಹೇಳುತ್ತದೆ. ಜಿನ್ಸೆಂಗ್, ಜ್ಯೇಷ್ಠಮಧು, ದೀಹುವಾಂಗ್ ಈ ವರ್ಗದವು. ಆದರೆ ಕುಗ್ಗಿದ ರಕ್ತಕ್ಕೆ ಪ್ರಸಿದ್ಧವಾದ ದಾಂಗ್‌ಗ್ವೇ ಅಲ್ಲಿ ಮಧ್ಯಮವರ್ಗದಲ್ಲಿರುವುದು! ‘ಮೇಲಿನ ವರ್ಗ’ವೂ ‘ಬು’ವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ. ನಮ್ಮ ಶಾಸ್ತ್ರದಲ್ಲಿ ‘ಬು’ವಿಗೆ ನಿಜವಾಗಿ ಸಮೀಪವಾದುದು ರಸಾಯನವಲ್ಲ, ಲಂಘನಕ್ಕೆ ಪ್ರತಿಯಾಗಿ ನಿಲ್ಲುವ ಬೃಂಹಣವು. ಬೃಂಹಣವೆಂಬುದರಲ್ಲಿಯೂ ಸೂಜಿದಾರದ ನೆನಪು ಇಲ್ಲ. ಆ ಕೊರತೆಯನ್ನು ಒಪ್ಪಿಕೊಂಡೇ ಮುಂದುವರಿಯಬೇಕಾಗಿದೆ.

ಇನ್ನು ಕಥೆಗೆ ಬರೋಣ. ತಾಯಿಯನ್ನು ಕಳೆದುಕೊಂಡ ಲಿನ್ ದೈಯು ಎಂಬ ಬಾಲಿಕೆಯು ಮೂರನೆಯ ಅಧ್ಯಾಯದಲ್ಲಿ ಜ್ಯಾ ಮನೆಗೆ ಬರುತ್ತಾಳೆ. ಅವಳ ಕೃಶತೆಯನ್ನು ಕಂಡವರು ಏನು ಔಷಧ ನಡೆಯುತ್ತಿದೆಯೆಂದು ಕೇಳಲು, ಜಿನ್ಸೆಂಗಿನ ಗುಳಿಗೆಯೆಂದು ಅವಳು ಹೇಳುತ್ತಾಳೆ. ಹೇಗೂ ಇಲ್ಲಿ ಗುಳಿಗೆಗಳನ್ನು ಕಟ್ಟಿಸುತ್ತಿರುವೆವು, ಇವಳಿಗೂ ಒಂದು ಪಾಲು ಸೇರಿಸಿದರಾಯಿತು ಎಂದು ಹಿರಿಯಜ್ಜಿಯ ಉತ್ತರ. ಎಷ್ಟು ಸಲೀಸಾದ ಮಾತು! ಜಿನ್ಸೆಂಗ್ ಆ ಮನೆಯಲ್ಲಿ ಅಕ್ಕಿಬೇಳೆಯ ಹಾಗೆ ಇದ್ದಿತೆಂಬುದನ್ನು ಈ ಒಂದೇ ಮಾತಿನಲ್ಲಿ ಗ್ರಂಥಕರ್ತನು ತಿಳಿಸಿರುವನು.

ಹತ್ತನೆಯ ಅಧ್ಯಾಯದಲ್ಲಿ ಚಿನ್ ಕಚಿಂಗ್ ಎಂಬ ಸೊಸೆಯು ಹಾಸಿಗೆ ಹಿಡಿದಿರುವಳು. ಪೂರ್ಣವಾಗಿ ನಕಲಾಗಿರುವ ಚೀಟಿಯು ಇಲ್ಲಿಯದೇ. ಜಿನ್ಸೆಂಗ್, ಬೈಜೂ, ಫೂಲಿಂಗ್, ಜ್ಯೇಷ್ಠಮಧು ಎಂಬ ನಾಲ್ಕು ‘ಸಜ್ಜನ’ರೂ, ದೀಹುವಾಂಗ್, ದಾಂಗ್‌ಗ್ವೇ, ಷಾವ್‌ಯಾವ್, ಚ್ವಾನ್‌ಶ್ಯೋಂಗ್ ಎಂಬ ನಾಲ್ಕು ‘ದ್ರವ್ಯ’ಗಳೂ ಇದರಲ್ಲಿ ಒಟ್ಟಾಗಿ ಸೇರಿವೆ. ಸುಂಗ್ ರಾಜರ ಕಾಲದ ಸರಕಾರೀ ಯೋಗಸಂಗ್ರಹದಲ್ಲಿ ಬೇರೆಬೇರೆಯಾಗಿ ಕಾಣಬರುವ ಎರಡು ಪ್ರಸಿದ್ಧ ಕಷಾಯಗಳಿವು. ಒಂದು ಚೀಯನ್ನೂ ಇನ್ನೊಂದು ರಕ್ತವನ್ನೂ ಕೂಡಿಸತಕ್ಕುದು. ಅವುಗಳ ಮೇಲೆ ಹುವಾಂಗ್‌ಚೀ, ಕತ್ತೆಯ ಅಂಟು ಮೊದಲಾದವು ಬೇರೆ. ಇಷ್ಟೊಂದು ತೇಪೆಗಳು ಬೇಕಾದ ಬಟ್ಟೆಯಲ್ಲಿ ಇನ್ನೆಷ್ಟು ನೂಲು ಉಳಿದಿರಬೇಕು? ಅವಳು ಅತಿಯಾಗಿ ಬುದ್ಧಿವಂತೆ, ಅತಿಯಾಗಿ ಚಿಂತಿಸುವವಳು, ರೋಗವು ಅಲ್ಲಿಂದ ಬಂದುದೆಂದು ವೈದ್ಯನು ಸ್ಪಷ್ಟವಾಗಿ ಹೇಳಿರುವನು. (ವೈದ್ಯನ ಭಾಷಣವು ಸ್ವಲ್ಪ ಉದ್ದವಾಯಿತೆಂಬುದನ್ನು ನಾವೂ ಒಪ್ಪುತ್ತೇವೆ.) ಮಾವನಾದ ಜ್ಯಾ ಜೆನ್ ಕೇಳಿಸಿಕೊಂಡುದು ಇದನ್ನಲ್ಲ, ಚೀಟಿಯಲ್ಲಿ ಜಿನ್ಸೆಂಗ್ ಇದೆಯಷ್ಟೆ, ಮೊನ್ನೆ ಕೊಂಡ ಒಂದು ಜಿನ್ ತೂಕದ ಒಳ್ಳೆಯ ಸರಕನ್ನೇ ಬಳಸಿರಿ ಎಂದು ಅವನ ಅಪ್ಪಣೆ. ಹದಿಮೂರನೆಯ ಅಧ್ಯಾಯದಲ್ಲಿ ಕಚಿಂಗ್ ಸಾಯುತ್ತಾಳೆ.

ಇವೆರಡರ ನಡುವೆ, ಹನ್ನೆರಡನೆಯ ಅಧ್ಯಾಯದಲ್ಲಿ, ಇದೇ ಮೂಲಿಕೆಯು ಇನ್ನೊಂದು ಮುಖವನ್ನು ತೋರಿಸುತ್ತದೆ. ಕುಲದ ಪಾಠಶಾಲೆಯ ಬಡ ಉಪಾಧ್ಯಾಯನ ಮೊಮ್ಮಗನು ಜ್ಯಾ ರ್ವೇ. ಮನೆವಾರ್ತೆಯ ಒಡತಿಯಾದ ಶೀಫೆಂಗಳ ಮೇಲೆ ಕಣ್ಣಿಟ್ಟು, ಅವಳು ಒಡ್ಡಿದ ಬಲೆಗೆ ಬಿದ್ದು ಸಾವಿನಂಚಿಗೆ ಬಂದಿರುವನು. ಜಿನ್ಸೆಂಗ್ ಒಂದನ್ನೇ ಕುದಿಸಿದ ಕಷಾಯವು ಬೇಕೆಂದಾಗ ಅಜ್ಜನಿಗೆ ಅದನ್ನು ಕೊಳ್ಳುವ ಶಕ್ತಿಯಿಲ್ಲ. ದೊಡ್ಡಮನೆಗೆ ಬಂದು ಬೇಡುತ್ತಾನೆ. ಎರಡು ಲಿಯಾಂಗ್ ತೂಗಿಕೊಡೆಂದು ವಾಂಗ್ ಅಮ್ಮನವರು ಹೇಳಿದರೆ, ಶೀಫೆಂಗ್ ಎಲ್ಲಿಯೂ ಹುಡುಕದೆ ಪುಡಿಪುಳ್ಳೆಗಳನ್ನು ಒಂದಿಷ್ಟು ಗೋರಿ ಕಳುಹಿಸಿ, ಪೂರ್ತಿ ಎರಡು ಲಿಯಾಂಗ್ ಕಳುಹಿಸಿದುದಾಗಿ ಅಮ್ಮನವರಿಗೆ ಹೇಳುತ್ತಾಳೆ. ಒಂದು ಲಿಯಾಂಗ್ ಎಂದರೆ ಸುಮಾರು ೩೭ ಗ್ರಾಂ. ನಮ್ಮ ಹಳೆಯ ತೂಕದಲ್ಲಿ ಮೂರು ತೊಲಕ್ಕೆ ತುಸು ಹೆಚ್ಚು. ಅಷ್ಟರಿಂದ ಜ್ಯಾ ರ್ವೇ ಬದುಕುತ್ತಿದ್ದನೆಂದು ಯಾರೂ ಹೇಳಲಾರರು. ಆದರೆ ಬೇಕಾದವನ ಕೈಗೆ ಅದು ಹೋಗಲಿಲ್ಲವೆಂಬುದನ್ನು ವಾಚಕನು ನೆನಪಿಡಬೇಕು. ಗ್ರಂಥಕರ್ತನು ಮುಂದೆ ೬೫ ಅಧ್ಯಾಯಗಳು ಕಳೆದ ಮೇಲೆ ಈ ಲೆಕ್ಕವನ್ನು ಮತ್ತೆ ತೆಗೆಯುವವನಿದ್ದಾನೆ.

ಇದು ಕೇವಲ ಕಲ್ಪನೆಯ ವ್ಯಾಪಾರವಲ್ಲವೆಂಬುದಕ್ಕೆ ಕವಿಯ ವಂಶಚರಿತ್ರೆಯಲ್ಲಿ ಆಧಾರವಿದೆ. ಅವನ ಅಜ್ಜನೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ತ್ಸಾವ್ ಯಿನ್ ನಾನ್‌ಜಿಂಗಿನಲ್ಲಿ ಅರಮನೆಯ ರೇಷ್ಮೆ ಕಾರ್ಖಾನೆಗಳ ಅಧಿಕಾರಿಯಾಗಿದ್ದನು. ೧೭೧೨ರಲ್ಲಿ ಅವನು ಚಳಿಜ್ವರದಿಂದ ಮಲಗಿದಾಗ, ಚಕ್ರವರ್ತಿ ಕಾಂಗ್‌ಶೀಯು ಕುದುರೆಯ ಅಂಚೆಯಲ್ಲಿ ಔಷಧವನ್ನು ಕಳುಹಿಸಿದನು. ಅದರ ಜೊತೆಗೆ ಕೆಂಪು ಶಾಯಿಯಲ್ಲಿ ತನ್ನ ಕೈಯಿಂದಲೇ ಬರೆದ ಎಚ್ಚರಿಕೆಯ ತಾತ್ಪರ್ಯವು ಹೀಗೆ: ದಕ್ಷಿಣದ ಅರೆವೈದ್ಯರು ‘ಬು’ ಔಷಧಗಳನ್ನು ಕೊಟ್ಟು ಕೆಡಿಸಿದವರ ಲೆಕ್ಕವಿಲ್ಲ, ತ್ಸಾವ್ ಯಿನ್‌ಗೆ ಜಿನ್ಸೆಂಗ್ ತಿನ್ನುವ ಚಾಳಿಯುಂಟು, ಈಗಿನ ಕಾಯಿಲೆಯೂ ಅದರಿಂದಲೇ ಬಂದುದು. ಔಷಧವು ತಲಪುವ ಮೊದಲೇ ತ್ಸಾವ್ ಯಿನ್ ತೀರಿಕೊಂಡನು. ೧೭೨೮ರ ಹೊತ್ತಿಗೆ ಆ ಮನೆತನದ ಆಸ್ತಿಯೂ ಸರಕಾರದ ವಶವಾಯಿತು. ಕವಿಯ ಸಮಕಾಲೀನನಾದ ಶೂ ದಾಚುನ್ ಎಂಬ ಪ್ರಸಿದ್ಧ ವೈದ್ಯನು ೧೭೫೭ರ ತನ್ನ ಗ್ರಂಥದಲ್ಲಿ ಜಿನ್ಸೆಂಗಿನ ಮೇಲೆ ಒಂದು ಪ್ರತ್ಯೇಕ ಪ್ರಬಂಧವನ್ನೇ ಬರೆದು, ಮೊದಲು ಮನೆಯನ್ನು ಮುಳುಗಿಸಿ ಆಮೇಲೆ ಮನುಷ್ಯನನ್ನು ಕೊಲ್ಲುವ ವಸ್ತುವಿದು ಎಂದು ಕಟುವಾಗಿ ನುಡಿದಿರುವನು. ಬೆಲೆ ಹೆಚ್ಚಾದುದರಿಂದಲೇ ಗುಣ ಹೆಚ್ಚೆಂದು ಜನರು ನಂಬುವುದು ಅವನ ಕೋಪಕ್ಕೆ ಕಾರಣ. ಜ್ಯಾ ಜೆನ್‌ನ ಅಪ್ಪಣೆಯ ಹಿಂದೆ ಇದ್ದುದು ಇದೇ ನಂಬಿಕೆಯಲ್ಲವೆ?

ನಾಲ್ವತ್ತೈದನೆಯ ಅಧ್ಯಾಯದಲ್ಲಿ ಈ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವಳು ಮಾತನಾಡುತ್ತಾಳೆ. ಷ್ವೆ ಬಾವ್‌ಚಾಯ್ ವ್ಯಾಪಾರಿಗಳ ಮನೆಯ ಹುಡುಗಿ. ದೈಯುವಿನ ಚೀಟಿಯನ್ನು ನೋಡಿ, ಜಿನ್ಸೆಂಗೂ ದಾಲ್ಚಿನ್ನಿಯ ಜಾತಿಯ ಚಕ್ಕೆಯೂ ಹೆಚ್ಚಾಗಿವೆ, ಚೀಯನ್ನು ಕೂಡಿಸುವುದು ನಿಜವಾದರೂ ಉಷ್ಣವು ಅತಿಯಾಗಬಾರದು ಎನ್ನುತ್ತಾಳೆ; ಅದಕ್ಕೆ ಬದಲಾಗಿ ಹಕ್ಕಿಗೂಡನ್ನು ಕಲ್ಲುಸಕ್ಕರೆಯೊಂದಿಗೆ ಬೆಳ್ಳಿಯ ಪಾತ್ರೆಯಲ್ಲಿ ಗಂಜಿಯಾಗಿ ಕಾಯಿಸಿ ಬೆಳಗ್ಗೆ ಕುಡಿಯಲು ಹೇಳುತ್ತಾಳೆ. ವೈದ್ಯಕದ ದೃಷ್ಟಿಯಿಂದ ಈ ಸಲಹೆಯು ನಿರ್ದುಷ್ಟವಾಗಿದೆ: ದೈಯುವಿನದು ಒಣಗುವ ದೇಹ, ಅದಕ್ಕೆ ಬೇಕಾದುದು ತಂಪು. ದೈಯು ಕೊಡುವ ಉತ್ತರವು ಇನ್ನೂ ಮುಖ್ಯವಾದುದು. ವೈದ್ಯರು, ಜಿನ್ಸೆಂಗ್, ಚಕ್ಕೆ ಎಂದು ಈಗಾಗಲೇ ಮನೆಯನ್ನೆಲ್ಲ ಗೋಳುಗುಟ್ಟಿಸಿದ್ದಾಗಿದೆ. ಇನ್ನು ಹಕ್ಕಿಗೂಡನ್ನೂ ಕೇಳಿದರೆ ಆಳುಕಾಳುಗಳು ಏನೆಂದಾರು, ನಾನು ಈ ಮನೆಯ ಮಗಳೇ ಎಂದು ಅವಳ ಅಳಲು. ಮೂರನೆಯ ಅಧ್ಯಾಯದಲ್ಲಿ ಅಷ್ಟು ಸಲೀಸಾಗಿ ಸೇರಿದ ‘ಒಂದು ಪಾಲು’ ಇಷ್ಟು ದಿನಗಳಲ್ಲಿ ಎಷ್ಟು ಭಾರವಾಯಿತೆಂಬುದನ್ನು ಇಲ್ಲಿ ಕಾಣಬಹುದು. ಅವಳಲ್ಲಿ ತೆರವಾಗಿದ್ದುದು ಚೀಯೂ ಅಲ್ಲ, ರಕ್ತವೂ ಅಲ್ಲ. ಬಾವ್‌ಚಾಯ್ ತನ್ನ ಮನೆಯಿಂದ ಹಕ್ಕಿಗೂಡನ್ನು ಕಳುಹಿಸಿದ ರಾತ್ರಿ ಅದು ಸ್ವಲ್ಪ ಮಟ್ಟಿಗೆ ತುಂಬಿತೆಂದು ನಮಗೆ ತೋರುತ್ತದೆ.

ಈಗ ನಮ್ಮ ವಾದದ ಮುಖ್ಯ ಭಾಗಕ್ಕೆ ಬರುತ್ತೇವೆ. ಕಥಾನಾಯಕನಾದ ಬಾವ್‌ಯುವಿನ ದಾಸಿಯರಲ್ಲಿ ಚಿಂಗ್‌ವೆನ್ ಎಂಬವಳು ಚಳಿಗಾಲದ ರಾತ್ರಿ ಹೊರಗೆ ಹೋಗಿ ಶೀತ ಹತ್ತಿಸಿಕೊಳ್ಳುತ್ತಾಳೆ. ೫೧ನೆಯ ಅಧ್ಯಾಯದಲ್ಲಿ ಬಂದ ಮೊದಲ ವೈದ್ಯನು ಅವಳಿಗೆ ಮಾಹುವಾಂಗ್ ಮೊದಲಾದ ತೀಕ್ಷ್ಣದ್ರವ್ಯಗಳನ್ನು ಬರೆಯಲು, ಹೆಣ್ಣುಮಕ್ಕಳಿಗೆ ಇಂಥವನ್ನು ಕೊಡುವುದೆ ಎಂದು ಬಾವ್‌ಯು ರೇಗಿ, ಅರಮನೆಯ ವೈದ್ಯನಾದ ವಾಂಗನನ್ನು ಕರೆಯಿಸುತ್ತಾನೆ. ಮುಂದಿನ ಅಧ್ಯಾಯದಲ್ಲಿ ಹಿರಿಯಜ್ಜಿಯು ಬಾವ್‌ಯುವಿಗೆ ರಷ್ಯಾದಿಂದ ಬಂದ, ನವಿಲುಗರಿಯ ಹೊನ್ನೆಳೆಯ ಮೇಲಂಗಿಯೊಂದನ್ನು ಕೊಡುತ್ತಾಳೆ. ಮೊದಲ ದಿನವೇ ಅದಕ್ಕೆ ಕಿಡಿ ಸಿಡಿದು ತೂತಾಗುತ್ತದೆ. ಊರಿನ ದರ್ಜಿಗಳೂ ಕಸೂತಿಯವರೂ ಅದೇನು ಬಟ್ಟೆಯೆಂದು ತಿಳಿಯದೆ ಮುಟ್ಟಲು ಹೆದರುತ್ತಾರೆ. ಮರುದಿನ ಅದನ್ನು ತೊಡಲೇಬೇಕು. ಆಗ ಜ್ವರದ ಚಿಂಗ್‌ವೆನ್ ಹಾಸಿಗೆಯಿಂದೆದ್ದು, ತೂತಿನ ಹಿಂದೆ ಚಿಕ್ಕ ಬಿದಿರಬಿಲ್ಲನ್ನು ಬಿಗಿದು, ಎಳೆಗೆ ಎಳೆ ಸೇರಿಸುತ್ತ, ನಾಲ್ಕು ಹೊಲಿಗೆಗೊಮ್ಮೆ ದಿಂಬಿಗೆ ಒರಗುತ್ತ, ಗಡಿಯಾರವು ಬೆಳಗಿನ ಜಾವದ ನಾಲ್ಕು ಹೊಡೆಯುವವರೆಗೆ ಕುಳಿತು ಮುಗಿಸುತ್ತಾಳೆ. ಮುಗಿಸಿದವಳು ಸರಿಯಾಗಿ ಹೊಂದಲಿಲ್ಲವೆಂದು ಹೇಳಿ ಕುಸಿದುಬೀಳುತ್ತಾಳೆ.

ಈ ಅಧ್ಯಾಯದ ಶೀರ್ಷಿಕೆಯಲ್ಲಿ ಚಿಂಗ್‌ವೆನ್ನಳ ರೋಗವೂ ಅವಳ ಹೊಲಿಗೆಯೂ ಅಕ್ಕಪಕ್ಕದಲ್ಲಿ ನಿಂತಿವೆ. ಹೊಲಿಗೆಗೆ ಅಲ್ಲಿ ಬಳಸಿರುವ ಶಬ್ದವು ‘ಬು’! ಬೆಳಗಾಗುತ್ತಲೇ, ೫೩ನೆಯ ಅಧ್ಯಾಯದ ಆರಂಭದಲ್ಲಿ, ವೈದ್ಯನು ಬಂದು ನಾಡಿ ಹಿಡಿದು ಬೆರಗಾಗುತ್ತಾನೆ. ನಿನ್ನೆ ಶೀತವು ಇಳಿಮುಖವಾಗಿತ್ತು. ಇಂದು ನಾಡಿಯು ತೆರವಾಗಿದೆ. ಅವನು ಹೊರಹರಿಸುವ ದ್ರವ್ಯಗಳನ್ನೆಲ್ಲ ಚೀಟಿಯಿಂದ ತೆಗೆದು ಫೂಲಿಂಗ್, ದೀಹುವಾಂಗ್, ದಾಂಗ್‌ಗ್ವೇ ಇವನ್ನು ಸೇರಿಸುತ್ತಾನೆ. ರಾತ್ರಿಯೆಲ್ಲ ‘ಬು’ ಮಾಡಿದವಳಿಗೆ ಬೆಳಗ್ಗೆ ‘ಬು’ ಮಾಡಬೇಕಾಯಿತು. ಮೇಲಂಗಿಯ ತೆರವು ಅವಳ ದೇಹಕ್ಕೆ ಬಂದು ಸೇರಿತು. ಮೂಲವನ್ನು ಓದುವವನಿಗೆ ಇದು ವಿವರಣೆಯಿಲ್ಲದೆಯೇ ಕಾಣುವ ಮಾತು. ಭಾಷಾಂತರವನ್ನು ಓದುವವನಿಗೆ ದರ್ಜಿಯ ಶಬ್ದವೊಂದು, ಔಷಧದಂಗಡಿಯ ಶಬ್ದವೊಂದು, ನಡುವೆ ಏನೂ ಇಲ್ಲ. ಔಷಧದ ಹೆಸರುಗಳನ್ನು ಬೇಸರಪಟ್ಟು ದಾಟಿದವನಂತೂ ಈ ದೃಶ್ಯದ ಅರ್ಧವನ್ನೇ ಓದಿದಂತಾಯಿತು.

ಇಷ್ಟಕ್ಕೂ ಆ ಶಬ್ದವು ಕೃತಿಯ ಮೊದಲ ಅಧ್ಯಾಯದಲ್ಲಿಯೇ ಇರುವುದು. ಬಿರಿದ ಆಕಾಶವನ್ನು ಸರಿಪಡಿಸಲು ನ್ಯೂವಾ ದೇವಿಯು ೩೬,೫೦೧ ಕಲ್ಲುಗಳನ್ನು ಕಾಯಿಸಿ, ೩೬,೫೦೦ನ್ನು ಬಳಸಿ, ಒಂದನ್ನು ಬಿಟ್ಟುಬಿಡುತ್ತಾಳೆ. ಬೇಡವಾದ ಆ ಒಂದು ಕಲ್ಲಿನ ಅಳಲೇ ಈ ಸಮಗ್ರ ಕಥೆಗೆ ಬೀಜ. ಬಾವ್‌ಯು ಹುಟ್ಟುವಾಗ ಬಾಯಲ್ಲಿದ್ದ ಮಣಿಯೂ ಅದರ ರೂಪವೇ. ಆಕಾಶವನ್ನು ಸರಿಪಡಿಸುವುದಕ್ಕೂ ಅಲ್ಲಿ ‘ಬು’ ಎಂದೇ ಹೇಳಿದೆ. ‘ಬು’ವಿಗೆ ಯೋಗ್ಯವಾಗದ ಕಲ್ಲು ನೋಡಿ ಬಂದ ಮನೆಯೊಂದರ ಕಥೆಯಿದು, ಆ ಮನೆಯವರಾದರೋ ತೂಕಗಟ್ಟಲೆ ‘ಬು’ವನ್ನು ಕೊಂಡು ಪೆಟ್ಟಿಗೆಗಳಲ್ಲಿ ಇಟ್ಟಿರುವರು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ‘ಬು’ ಎಂಬುದು ಚೀನೀ ಭಾಷೆಯಲ್ಲಿ ನಿತ್ಯವ್ಯವಹಾರದ ಶಬ್ದ. ಒಂದು ದೊಡ್ಡ ಗ್ರಂಥದಲ್ಲಿ ಅದು ಹಲವು ಕಡೆ ಬಂದಿತೆಂಬ ಮಾತ್ರಕ್ಕೆ ಕವಿಯ ಸಂಕಲ್ಪವನ್ನು ಊಹಿಸುವುದು ಸರಿಯೆ? ಸರಿಯಲ್ಲ. ದೈಯುವಿನ ಗುಳಿಗೆಗೂ ನ್ಯೂವಾಳ ಕಲ್ಲಿಗೂ ನೇರವಾದ ಸಂಬಂಧವನ್ನು ಕಲ್ಪಿಸಲು ನಾವು ಸಿದ್ಧರಿಲ್ಲ. ಆದರೆ ೫೨ನೆಯ ಅಧ್ಯಾಯದ ಶೀರ್ಷಿಕೆಯನ್ನೂ ಮರುದಿನದ ಚೀಟಿಯ ಬದಲಾವಣೆಯನ್ನೂ ಜೊತೆಯಾಗಿ ಇಟ್ಟು ನೋಡಿದವನು ಅದನ್ನು ಆಕಸ್ಮಿಕವೆನ್ನಲಾರನು. ವೈದ್ಯನು ಚೀಟಿಯಿಂದ ಏನನ್ನು ತೆಗೆದು ಏನನ್ನು ಸೇರಿಸಿದನೆಂಬುದನ್ನು ಹೇಳುವ ಅವಶ್ಯಕತೆ, ಅದರಿಂದ ಅರ್ಥವು ಹೊರಡುವುದಿದ್ದ ಹೊರತು, ಕವಿಗೆ ಇರಲಿಲ್ಲ.

ಕನ್ನಡಕ್ಕೆ ಈ ಭಾಗಗಳನ್ನು ತರುವವರು ಏನು ಮಾಡಬೇಕು? ಆಕಾಶಕ್ಕೆ ‘ಬೆಸೆ’, ಅಂಗಿಗೆ ‘ರಫು’, ದೇಹಕ್ಕೆ ‘ಪುಷ್ಟಿ’ ಎಂದು ಮೂರು ಕಡೆ ಮೂರು ಶಬ್ದಗಳನ್ನು ಬಳಸಿದರೆ ಓಟವು ಸುಗಮವಾಗುವುದು, ಸೂತ್ರವು ಕಡಿಯುವುದು. ‘ಕೂಡಿಸು’ ಎಂಬ ನಮ್ಮ ಸಾಮಾನ್ಯ ಕ್ರಿಯಾಪದವು, ಸ್ವಲ್ಪ ಎಳೆದಾಡಿದರೆ, ಮೂರು ಕಡೆಯೂ ನಿಲ್ಲಬಹುದೆಂದು ನಮಗೆ ತೋರುತ್ತದೆ; ಬಿರಿದ ಆಕಾಶವನ್ನು ಕೂಡಿಸಬಹುದು, ಹರಿದ ಎಳೆಯನ್ನು ಕೂಡಿಸಬಹುದು, ಕುಗ್ಗಿದ ರಕ್ತವನ್ನು ಕೂಡಿಸಬಹುದು. ಮೂರನೆಯದು ಕಿವಿಗೆ ಸ್ವಲ್ಪ ಒರಟು. ‘ರಸಾಯನ’ದ ನುಣುಪಿಗಿಂತ ಈ ಒರಟು ಲೇಸು.

ಕೊನೆಯದಾಗಿ ೭೭ನೆಯ ಅಧ್ಯಾಯ. ಈಗ ಕಾಯಿಲೆಯವಳು ಶೀಫೆಂಗ್; ಅವಳ ಗುಳಿಗೆಗೆ ಉತ್ತಮವಾದ ಜಿನ್ಸೆಂಗ್ ಎರಡು ಲಿಯಾಂಗ್ ಬೇಕು. ಜ್ಯಾ ರ್ವೇಗೆ ಕೊಡಿಸಬೇಕೆಂದಿದ್ದ ಅದೇ ಎರಡು ಲಿಯಾಂಗ್! ವಾಂಗ್ ಅಮ್ಮನವರು ಪೆಟ್ಟಿಗೆಗಳನ್ನೆಲ್ಲ ತಡಕಲು ಕೂದಲುಕಡ್ಡಿಯಷ್ಟು ಸಣ್ಣ ಬೇರುಗಳೂ ಪುಡಿಯೂ ಸಿಕ್ಕುತ್ತವೆ. ಕಡೆಗೆ ಹಿರಿಯಜ್ಜಿಯ ಬಳಿ ಬೆರಳುಗಾತ್ರದ ಬೇರುಗಳ ದೊಡ್ಡ ಗಂಟೊಂದು ದೊರೆಯುತ್ತದೆ. ವೈದ್ಯನು ನೋಡಿ, ಇಂಥದು ಈಗ ಯಾವ ಬೆಲೆಗೂ ದೊರೆಯದು, ಆದರೆ ತುಂಬ ಹಳೆಯದಾಯಿತು, ನೂರು ವರ್ಷಕ್ಕೆ ಇದು ತಾನಾಗಿಯೇ ಬೂದಿಯಾಗತಕ್ಕುದು, ಇದರಲ್ಲಿ ಇನ್ನು ಸತ್ತ್ವವಿಲ್ಲವೆಂದು ಹಿಂದಕ್ಕೆ ಕಳುಹಿಸುತ್ತಾನೆ. ಪೇಟೆಯ ಸರಕನ್ನೂ ನಂಬುವಂತಿಲ್ಲ. ಇಡೀ ಬೇರನ್ನು ತುಂಡರಿಸಿ, ಕಿರುಬೇರುಗಳನ್ನು ಅಂಟಿಸಿ ಮಾರುವರೆಂದು ಬಾವ್‌ಚಾಯ್ ತಿಳಿಸಿ, ತನ್ನ ಮನೆಯವರ ಮೂಲಕ ಇಡಿಯ ಬೇರನ್ನು ತರಿಸಿಕೊಡಲು ಒಪ್ಪುತ್ತಾಳೆ. ಎಷ್ಟು ಬೆಲೆಯಾದರೂ ಇದು ಔಷಧವಷ್ಟೆ, ಹತ್ತು ಜನಕ್ಕೆ ಹಂಚಬೇಕಾದುದು, ಬಚ್ಚಿಡುವಂಥದಲ್ಲ ಎಂದೂ ಅವಳು ಹೇಳುವಳು. ಹಿರಿಯಜ್ಜಿ ಕೇಳಿದರೆ ಅವರು ಕೊಟ್ಟುದನ್ನೇ ಬಳಸಿದೆವೆನ್ನಿರಿ ಎಂದು ವಾಂಗ್ ಅಮ್ಮನವರ ಆಜ್ಞೆ.

ಈ ಭಾಗವನ್ನು ಮನೆತನದ ಅವನತಿಯ ಸಂಕೇತವೆಂದು ವಿಮರ್ಶಕರು ಹೇಳುವುದುಂಟು, ಅದು ಸರಿಯೇ. ಆದರೆ ಅಧ್ಯಾಯವು ಅಲ್ಲಿಗೆ ಮುಗಿಯುವುದಿಲ್ಲ. ಜಿನ್ಸೆಂಗನ್ನು ಹುಡುಕಿಸಿದ ಅದೇ ವಾಂಗ್ ಅಮ್ಮನವರು ಅದೇ ಅಧ್ಯಾಯದಲ್ಲಿ, ನಾಲ್ಕೈದು ದಿನಗಳಿಂದ ಅನ್ನನೀರು ಮುಟ್ಟದೆ ಮಲಗಿದ್ದ ಚಿಂಗ್‌ವೆನ್ನಳನ್ನು, ಇಲ್ಲದ ಅಪವಾದವನ್ನು ಹೊರಿಸಿ, ಹಾಸಿಗೆಯಿಂದ ಎಳೆಯಿಸಿ ಹೊರಗೆ ಹಾಕಿಸುತ್ತಾರೆ. ಬಾವ್‌ಯು ಕದ್ದು ನೋಡಲು ಹೋದಾಗ ಅವಳು ಅಣ್ಣನ ಮನೆಯ ಚಾಪೆಯ ಮೇಲೆ ಒಬ್ಬಳೇ ಇರುವಳು. ಅಲ್ಲಿ ವೈದ್ಯನ ಸುಳಿವಿಲ್ಲ, ಚೀಟಿಯಿಲ್ಲ. ಬಾಯಾರಿಕೆಯೆಂದವಳಿಗೆ ಅವನು ಮಸಿಹಿಡಿದ ಪಾತ್ರೆಯಿಂದ ಚಹವೆಂದು ಹೇಳಲಾಗದ ಕಹಿನೀರನ್ನು ಬಗ್ಗಿಸಿಕೊಡಲು, ಅವಳು ಅದನ್ನು ಅಮೃತವೆಂಬಂತೆ ಒಂದೇ ಗುಟುಕಿಗೆ ಕುಡಿಯುತ್ತಾಳೆ. ಆಮೇಲೆ ತನ್ನ ಮೈಮೇಲಿನ ಹಳೆಯ ಕೆಂಪು ಒಳಂಗಿಯನ್ನು ಬಿಚ್ಚಿ ಅವನಿಗೆ ಕೊಟ್ಟು, ಅವನ ಅಂಗಿಯನ್ನು ತಾನು ಕೇಳಿ ತೊಡುತ್ತಾಳೆ.